ಮೋಟಾರು ವಾಹನವೂ ಹಿಮವೂ: ಒಂದು ಚಾರಿತ್ರಿಕ ಸಮೀಕ್ಷೆ

೧

ಶೀತಪ್ರದೇಶಗಳಲ್ಲಿ ಬಯಲಿನಲ್ಲಿ ಕಾರನ್ನು ನಿಲ್ಲಿಸುವವನು ಚಳಿಗಾಲದ ಬೆಳಗ್ಗೆ ಅದನ್ನು ಹೊರಡಿಸುವ ಮುನ್ನ ಅದರ ಮೇಲೆ ಕುಳಿತ ಹಿಮವನ್ನು ತೆಗೆಯಬೇಕಾಗುತ್ತದೆ. ಅಂಗಳದ ಕಸ ಗುಡಿಸುವಷ್ಟೇ ಸಾಮಾನ್ಯವಾದ ಕೆಲಸವಿದು. ಇತಿಹಾಸಕಾರರ ದೃಷ್ಟಿ ಸಾಧಾರಣವಾಗಿ ಇಂಥ ವಿಷಯಗಳ ಮೇಲೆ ಬೀಳುವುದಿಲ್ಲ. ಆದರೂ ಈ ಕೆಲಸಕ್ಕೊಂದು ಇತಿಹಾಸವುಂಟು. ಯಾವ ಭಾಗದ ಹಿಮವನ್ನು ಜನ ಮೊದಲು ತೆಗೆಯಲು ಯತ್ನಿಸಿದರು, ಯಾವುದನ್ನು ಬಹುಕಾಲ ಹಾಗೆಯೇ ಬಿಟ್ಟರು, ಬಿಟ್ಟದ್ದರ ಫಲವನ್ನು ಯಾರು ಅನುಭವಿಸಿದರು ಎಂಬ ಪ್ರಶ್ನೆಗಳನ್ನು ಕೇಳಿಕೊಂಡಾಗ ಯಂತ್ರಚರಿತ್ರೆಯ ಜೊತೆಗೆ ನಾಗರಿಕ ಹೊಣೆಯ ಚರಿತ್ರೆಯೂ ಗೋಚರವಾಗುತ್ತದೆ. ಮುಖ್ಯವಾಗಿ ಉತ್ತರ ಅಮೆರಿಕದ ಸಾಮಗ್ರಿಯನ್ನು ಆಧರಿಸಿ ಈ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳ ವಿಷಯವಾಗಿ ಒಂದೆರಡು ಮಾತು ಅವಶ್ಯಕ. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಶಬ್ದ ಕೊಡಗಿನ ಬೆಟ್ಟಗಳ ಮೇಲೆ ಕವಿಯುವ ಮಬ್ಬಿಗೂ ಹುಲ್ಲಿನ ಮೇಲಿನ ಹನಿಗೂ ಹಿಮಾಲಯದ ಬಿಳುಪಿಗೂ ಸಲ್ಲುತ್ತದೆ. ನಮ್ಮ ಹವೆಗೆ ಇಷ್ಟು ಸಾಕು. ಪ್ರಸ್ತುತ ವಿಷಯಕ್ಕೆ ಸಾಲದು. ಆದಕಾರಣ ಆಕಾಶದಿಂದ ಅರಳೆಯಂತೆ ಉದುರುವುದನ್ನು ‘ಹಿಮ’ವೆಂದೂ, ನೀರು ಗಟ್ಟಿಯಾಗಿ ಆದ ಘನವಸ್ತುವನ್ನು ‘ಮಂಜುಗಡ್ಡೆ’ಯೆಂದೂ, ನಿರ್ಮಲವಾದ ರಾತ್ರಿಯಲ್ಲಿ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾದಾಗ ಅದರ ಮೇಲೆ ಹರಳುಗಟ್ಟುವ ತೆಳುಪದರವನ್ನು ‘ಮಂಜಿನ ಪೊರೆ’ಯೆಂದೂ ಇಲ್ಲಿ ಕರೆದಿದ್ದೇವೆ. ಇವು ಮೂರೂ ನೀರೇ ಆದರೂ ತೆಗೆಯುವ ಬಗೆ ಒಂದೇ ಅಲ್ಲ. ಹಿಮವನ್ನು ಗುಡಿಸಬಹುದು, ಪೊರೆಯನ್ನು ಕೆರೆಯಬಹುದು, ಮಂಜುಗಡ್ಡೆಯನ್ನು ಒಡೆಯಬೇಕು, ಇಲ್ಲವೆ ಕರಗಿಸಬೇಕು.

೨

ಮೋಟಾರು ವಾಹನ ಬರುವುದಕ್ಕೆ ಮುಂಚೆ ಅಮೆರಿಕದ ಉತ್ತರ ಸಂಸ್ಥಾನಗಳ ಗ್ರಾಮವಾಸಿಗಳಿಗೆ ರಸ್ತೆಯ ಹಿಮ ಶತ್ರುವಾಗಿರಲಿಲ್ಲ. ಚಳಿಗಾಲ ಬಂತೆಂದರೆ ಅವರು ಚಕ್ರದ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ ಕುದುರೆಗಳಿಗೆ ಜಾರುಬಂಡಿಯನ್ನು ಕಟ್ಟುತ್ತಿದ್ದರು. ಜಾರುಬಂಡಿಗೆ ಬೇಕಾದದ್ದು ಹಿಮವಿಲ್ಲದ ರಸ್ತೆಯಲ್ಲ, ಹಿಮ ಗಟ್ಟಿಯಾಗಿ ಕೂತ ರಸ್ತೆ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಮೊದಲಾದೆಡೆ ಕುದುರೆಗಳು ಎಳೆಯುವ ಭಾರಿ ಮರದ ಉರುಳೆಗಳಿಂದ ಹಿಮವನ್ನು ರಸ್ತೆಯ ಮೇಲೆಯೇ ಅದುಮುತ್ತಿದ್ದರು. ಮಾಡು ಹೊದಿಸಿದ ಮರದ ಸೇತುವೆಗಳ ಒಳಗೆ ಹಿಮ ಬೀಳದೆ ಜಾರುಬಂಡಿ ತಡೆಯುವುದೆಂದು, ಹೊರಗಿನಿಂದ ಹಿಮವನ್ನು ತಂದು ಸೇತುವೆಯ ಹಲಗೆಗಳ ಮೇಲೆ ಹರಡುತ್ತಿದ್ದುದೂ ಉಂಟು. ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ತೋರಬಹುದು; ಅಂದಿನ ಸಂಚಾರಕ್ರಮಕ್ಕೆ ಇದೇ ಸಹಜವಾಗಿತ್ತು.

ಮೋಟಾರು ವಾಹನ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಅದರ ಚಕ್ರಕ್ಕೆ ಹಿಡಿತ ಬೇಕು. ಅದುಮಿದ ಹಿಮದ ಮೇಲೆ ಅದು ದೊರೆಯದು. ಆರಂಭದ ದಿನಗಳಲ್ಲಿ ಅನೇಕ ಮಾಲೀಕರು ಚಳಿಗಾಲದಲ್ಲಿ ಕಾರನ್ನು ಓಡಿಸುತ್ತಲೇ ಇರಲಿಲ್ಲ. ರೇಡಿಯೇಟರಿನ ನೀರನ್ನು ಬಸಿದು, ಚಕ್ರಗಳು ನೆಲಕ್ಕೆ ತಾಗದಂತೆ ಕಾರನ್ನು ಮರದ ದಿಮ್ಮಿಗಳ ಮೇಲೆ ಏರಿಸಿ, ವಸಂತದವರೆಗೆ ಮುಚ್ಚಿಡುತ್ತಿದ್ದರು. ಕಾರಿನ ಮೇಲಿನ ಹಿಮವನ್ನು ತೆಗೆಯುವ ಪ್ರಶ್ನೆ ಇವರಿಗೆ ಏಳುತ್ತಲೇ ಇರಲಿಲ್ಲ. ಈ ಪ್ರಶ್ನೆ ಹುಟ್ಟಿದುದು ವರ್ಷವಿಡೀ ವಾಹನ ಓಡಲೇಬೇಕೆಂಬ ನಿರೀಕ್ಷೆ ಹುಟ್ಟಿದಾಗ ಎಂಬುದನ್ನು ಗಮನಿಸಬೇಕು.

೩

ಆ ನಿರೀಕ್ಷೆ ಮೊದಲು ಕಂಡುಬಂದುದು ಖಾಸಗಿ ಕಾರುಗಳಲ್ಲಿ ಅಲ್ಲ, ನಗರಗಳ ಟ್ರಾಮುಗಾಡಿಗಳಲ್ಲಿ. ಅಲಬಾಮಾ ಸಂಸ್ಥಾನದ ಮೇರಿ ಆಂಡರ್ಸನ್ ಎಂಬ ಮಹಿಳೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಒಂದು ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದರು. ಅಲ್ಲಿಯ ಟ್ರಾಮಿನ ಚಾಲಕ ಗಾಜಿನ ಮೇಲಿನ ಹಿಮದಿಂದಾಗಿ ದಾರಿ ಕಾಣದೆ ಮುಂದಿನ ಕಿಟಕಿಯನ್ನೇ ತೆರೆದಿಟ್ಟು ಗಾಡಿ ನಡೆಸುತ್ತಿದ್ದುದನ್ನು ಅವರು ಕಂಡರು. ಊರಿಗೆ ಮರಳಿದ ಮೇಲೆ, ಒಳಗಿನಿಂದಲೇ ಹಿಡಿಯೊಂದನ್ನು ತಿರುಗಿಸಿ ಹೊರಗಿನ ಗಾಜನ್ನು ರಬ್ಬರಿನ ಅಲಗಿನಿಂದ ಒರೆಸುವ ಸಾಧನವೊಂದನ್ನು ರೂಪಿಸಿದರು. ೧೯೦೩ನೆಯ ನವೆಂಬರ್ ೧೦ರಂದು ಅದಕ್ಕೆ ೭,೪೩,೮೦೧ನೆಯ ಸಂಖ್ಯೆಯ ಅಮೆರಿಕನ್ ಪೇಟೆಂಟು ದೊರೆಯಿತು. ಇಂದು ವೈಪರನ್ನು ನಾವು ಮಳೆಯೊಡನೆ ಜೋಡಿಸಿ ನೆನೆಯುತ್ತೇವೆ. ಆಂಡರ್ಸನ್ನರ ಪೇಟೆಂಟಿನ ವಿವರಣೆಯಲ್ಲಿ ಹೇಳಿರುವುದು ಹಿಮ ಮತ್ತು ಮಂಜುಗಡ್ಡೆಗಳನ್ನು ತೆಗೆಯುವ ಮಾತು. ಅದೇ ಕಾಲದಲ್ಲಿ ಇತರರೂ ಇಂಥ ಸಾಧನಗಳಿಗಾಗಿ ಪ್ರಯತ್ನಿಸುತ್ತಿದ್ದರಾದರೂ ಆಂಡರ್ಸನ್ನರ ಹೆಸರೇ ಇಂದು ಪ್ರಮುಖವಾಗಿ ನಿಂತಿದೆ.

ಈ ಸಾಧನದಿಂದ ಅವರಿಗೆ ಧನಲಾಭವಾಗಲಿಲ್ಲ. ೧೯೦೫ರಲ್ಲಿ ಕೆನಡಾದ ವ್ಯಾಪಾರಸಂಸ್ಥೆಯೊಂದು, ಇದಕ್ಕೆ ಕೊಳ್ಳುವವರಿಲ್ಲವೆಂಬ ಅಭಿಪ್ರಾಯದಿಂದ, ಪೇಟೆಂಟನ್ನು ಕೊಳ್ಳಲು ನಿರಾಕರಿಸಿತು. ಆಗ ಆ ಅಭಿಪ್ರಾಯ ತೀರ ಅಸಂಗತವೂ ಆಗಿರಲಿಲ್ಲ. ಅಂದಿನ ಬಹುತೇಕ ಕಾರುಗಳು ತೆರೆದ ಗಾಡಿಗಳು. ಕೆಲವಕ್ಕೆ ಮುಂದಿನ ಗಾಜೇ ಇರಲಿಲ್ಲ. ಇದ್ದವುಗಳಲ್ಲಿಯೂ ಗಾಜು ಮಸುಕಾದರೆ ಅದನ್ನು ಮಡಿಸಿ ಮೇಲಿನಿಂದ ನೋಡಬಹುದಾಗಿತ್ತು. ಹಿಮ ಬಡಿಯುತ್ತಿದ್ದುದು ಚಾಲಕನ ಮುಖಕ್ಕೆ. ಕನ್ನಡಕ, ಚರ್ಮದ ಕೋಟು, ಕೈಗವಸುಗಳೇ ಅವನ ರಕ್ಷಣೆ. ೧೯೨೦ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಸರಿಸುಮಾರು ಅದೇ ವೇಳೆಗೆ ಕಾರಿನ ಆಕಾರವೇ ಬದಲಾಗತೊಡಗಿತು. ೧೯೧೯ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹತ್ತು ಕಾರುಗಳಲ್ಲಿ ಒಂದು ಮಾತ್ರ ಮುಚ್ಚಿದ ಕಾರಾಗಿದ್ದರೆ, ೧೯೨೭ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮುಚ್ಚಿದವಾಗಿದ್ದವು. ಮುಚ್ಚಿದ ಕಾರಿನಲ್ಲಿ ಗಾಜು ಕುರುಡಾದರೆ ಚಾಲಕನೂ ಕುರುಡ. ಆಗ ವೈಪರು ಕೊಳ್ಳುವವರಿಲ್ಲದ ವಸ್ತುವಾಗಿ ಉಳಿಯಲಿಲ್ಲ. ಹಿಮಕ್ಕೆ ಹೆಸರಾದ ಬಫಲೋ ನಗರದಲ್ಲಿಯೇ ಜಾನ್ ಆಯ್ಶೀ ಅವರು ೧೯೧೭ರಲ್ಲಿ ಸ್ಥಾಪಿಸಿದ ಟ್ರೈಕೋ ಕಂಪನಿ ವೈಪರುಗಳ ತಯಾರಿಕೆಯಲ್ಲಿ ಮುಂದೆ ಪ್ರಸಿದ್ಧವಾಯಿತು. ಆಂಡರ್ಸನ್ ೧೯೫೩ರಲ್ಲಿ ತೀರಿಕೊಂಡರು; ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವಪಟ್ಟಿಗೆ ಅವರ ಹೆಸರು ಸೇರಿದುದು ೨೦೧೧ರಲ್ಲಿ.

೪

ಒರೆಸುವುದರಿಂದ ಬೀಳುತ್ತಿರುವ ಹಿಮ ಹೋಗಬಹುದು. ಗಾಜಿಗೆ ಅಂಟಿದ ಮಂಜುಗಡ್ಡೆ ಹೋಗದು. ಅದಕ್ಕೆ ಶಾಖ ಬೇಕು, ಅದೂ ಅಲ್ಪಸ್ವಲ್ಪವಲ್ಲ. ಸೊನ್ನೆ ಡಿಗ್ರಿಯ ಒಂದು ಗ್ರಾಮ್ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಸುಮಾರು ೮೦ ಕ್ಯಾಲೊರಿ ಶಾಖ ತಗಲುತ್ತದೆ. ಅಷ್ಟು ಶಾಖದಿಂದ ಅದೇ ನೀರನ್ನು ೮೦ ಡಿಗ್ರಿಯವರೆಗೆ ಕಾಯಿಸಬಹುದು. ಗಾಜಿನ ಮೇಲೆ ಬಿಸಿನೀರು ಸುರಿಯುವ ಉಪಾಯ ಅನೇಕರಿಗೆ ಹೊಳೆಯುವುದುಂಟು. ಆದರೆ ಗಾಜಿನ ಒಂದು ಭಾಗ ಥಟ್ಟನೆ ಹಿಗ್ಗಿ ಪಕ್ಕದ ಭಾಗ ಹಿಗ್ಗದಿದ್ದರೆ ಗಾಜು ಸೀಳುತ್ತದೆ. ಸುರಿದ ನೀರೂ ಕೊರೆಯುವ ಚಳಿಯಲ್ಲಿ ಮತ್ತೆ ಗಡ್ಡೆಗಟ್ಟುತ್ತದೆ.

ಸುಡುವ ಇಂಧನದ ಶಾಖದಲ್ಲಿ ದೊಡ್ಡ ಪಾಲನ್ನು ಎಂಜಿನ್ನು ವ್ಯರ್ಥವಾಗಿ ಹೊರಗೆ ಚೆಲ್ಲುತ್ತದೆ. ಆ ಶಾಖವನ್ನು ಗಾಜಿನತ್ತ ತಿರುಗಿಸುವುದು ಸುಲಭವೆಂದು ತೋರಬಹುದು. ಆದರೆ ಎಂಜಿನ್ನನ್ನು ತಂಪಾಗಿಡುವ ನೀರು ತಾನೇ ಗಡ್ಡೆಗಟ್ಟುವ ಅಪಾಯವಿತ್ತು. ನೀರು ಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡ ೯ರಷ್ಟು ಹೆಚ್ಚುತ್ತದೆ. ಆ ಒತ್ತಡಕ್ಕೆ ಎರಕದ ಕಬ್ಬಿಣವೂ ಬಿರಿಯುತ್ತದೆ. ಇದನ್ನು ತಡೆಯಲು ಮೊದಲು ಮದ್ಯಸಾರವನ್ನೋ ಗ್ಲಿಸರಿನ್ನನ್ನೋ ನೀರಿಗೆ ಬೆರೆಸುತ್ತಿದ್ದರು. ಮದ್ಯಸಾರ ಎಂಜಿನ್ನಿನ ಬಿಸಿಗೆ ಆವಿಯಾಗಿ ಹೋಗುತ್ತಿದ್ದುದರಿಂದ ಮತ್ತೆ ಮತ್ತೆ ತುಂಬಬೇಕಾಗಿತ್ತು. ಫ್ರಾನ್ಸಿನ ರಸಾಯನವಿಜ್ಞಾನಿ ಶಾರ್ಲ್ ಅಡಾಲ್ಫ್ ವುರ್ಟ್ಸ್ ೧೮೫೦ರ ದಶಕದಲ್ಲಿ ಸಿದ್ಧಪಡಿಸಿದ್ದ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ೧೯೨೭ರಿಂದ ‘ಪ್ರೆಸ್ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾಯಿತು.

ಬಿಸಿಯಾದ ಈ ದ್ರವವನ್ನು ಕೊಳವೆಗಳ ಮೂಲಕ ಹಾಯಿಸಿ, ಅದರಿಂದ ಕಾಯ್ದ ಗಾಳಿಯನ್ನು ಕಾರಿನ ಒಳಕ್ಕೂ ಮುಂದಿನ ಗಾಜಿನ ಬುಡಕ್ಕೂ ಊದುವ ಏರ್ಪಾಡುಗಳು ೧೯೩೦ರ ದಶಕದಲ್ಲಿ ಬೆಳೆದವು. ಹೊರಗಿನ ಗಾಳಿಯನ್ನು ಎಳೆದು, ಕಾಯಿಸಿ, ಒಳಗೆ ಹರಡುವ ವ್ಯವಸ್ಥೆಯನ್ನು ನ್ಯಾಶ್ ಕಂಪನಿ ೧೯೩೮ರ ಕಾರುಗಳಲ್ಲಿ ಅಳವಡಿಸಿತು. ಮುಂದೆ ಹಿಂದಿನ ಗಾಜಿನ ಮೇಲೆ ತೆಳುವಾದ ವಿದ್ಯುತ್ ತಂತಿಗೆರೆಗಳು ಬಂದವು. ೧೯೮೦ರ ದಶಕದ ಮಧ್ಯಭಾಗದಲ್ಲಿ ಫೋರ್ಡ್ ಕಂಪನಿ ಮುಂದಿನ ಗಾಜನ್ನೂ ವಿದ್ಯುತ್ತಿನಿಂದ ಕಾಯಿಸುವ ಕಾರುಗಳನ್ನು ಮಾರಾಟಕ್ಕೆ ತಂದಿತು. ಇಂದಿನ ಬ್ಯಾಟರಿ ಕಾರುಗಳಲ್ಲಿ ಎಂಜಿನ್ನಿನ ವ್ಯರ್ಥಶಾಖವಿಲ್ಲ. ಗಾಜನ್ನು ಬೆಚ್ಚಗಾಗಿಸುವ ಪ್ರತಿಯೊಂದು ಕ್ಯಾಲೊರಿಯೂ ಕಾರು ಓಡಬಹುದಾದ ದೂರದಿಂದ ಕಳೆಯುತ್ತದೆ. ಆದುದರಿಂದ ಮುಪ್ಪಾಯಿತೆಂದು ತೋರಿದ ಕೈಗೆರೆಕ ಮತ್ತೆ ಮಿತವ್ಯಯದ ಸಾಧನವೆನಿಸಿದೆ.

೫

ಈವರೆಗೆ ವಿವರಿಸಿದ ಸಾಧನಗಳೆಲ್ಲ ವಾಹನಕ್ಕೆ ಸೇರಿದವು. ರಸ್ತೆಯ ಹಿಮವನ್ನು ತೆಗೆಯುವ ಹೊಣೆಯಾದರೋ ಸರ್ಕಾರಗಳ ಪಾಲಿಗೆ ಬಂದಿತು. ೧೯೨೦ರ ದಶಕದಲ್ಲಿ ಉತ್ತರದ ಸಂಸ್ಥಾನಗಳು ಹಿಮವನ್ನು ಅದುಮುವುದನ್ನು ಬಿಟ್ಟು ಬದಿಗೆ ತಳ್ಳತೊಡಗಿದವು. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ೧೯೨೫ರಲ್ಲಿ ಹಿಮವನ್ನು ಕೊರೆದು ದೂರಕ್ಕೆ ಎರಚುವ ಯಂತ್ರವನ್ನು ನಿರ್ಮಿಸಿದರು. ಜಾರಿಕೆಗೆ ಮರಳನ್ನೂ ಇದ್ದಲಿನ ಕಿಟ್ಟವನ್ನೂ ಚೆಲ್ಲುತ್ತಿದ್ದ ಕಾಲದಲ್ಲಿ, ೧೯೩೮ರಲ್ಲಿ, ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನ ಪ್ರಾಯೋಗಿಕವಾಗಿ ರಸ್ತೆಗೆ ಉಪ್ಪನ್ನು ಹಾಕಿತು. ಡೆಟ್ರಾಯಿಟ್ ನಗರದ ಕೆಳಗೆ, ಕಾರಿನ ಕಾರ್ಖಾನೆಗಳಿಗೂ ಬಹು ಆಳದಲ್ಲಿ, ಸುಮಾರು ೧,೧೦೦ ಅಡಿಗಳಲ್ಲಿ ಕಲ್ಲುಪ್ಪಿನ ಗಣಿಯೊಂದಿದೆ. ಅಲ್ಲಿಯ ಉಪ್ಪು ಇಂದಿಗೂ ರಸ್ತೆಗಳಿಗೆ ಹೋಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಉಪ್ಪಿನ ಬಳಕೆ ಬಹಳವಾಗಿ ಬೆಳೆಯಿತು.

ಉಪ್ಪಿಗೂ ಮಿತಿಯುಂಟು. ಉಪ್ಪುನೀರು ಗಡ್ಡೆಗಟ್ಟದೆ ಉಳಿಯಬಲ್ಲ ಕಡೆಯ ಮಟ್ಟ ಸುಮಾರು ಮೈನಸ್ ೨೧ ಡಿಗ್ರಿ ಸೆಲ್ಸಿಯಸ್. ವ್ಯವಹಾರದಲ್ಲಿ ಮೈನಸ್ ೧೦ರ ಆಸುಪಾಸಿನಲ್ಲಿಯೇ ಅದರ ಶಕ್ತಿ ಕುಂದುತ್ತದೆ. ಇದಲ್ಲದೆ ಉಪ್ಪು ಕಾರಿನ ಉಕ್ಕನ್ನು ತಿನ್ನುತ್ತದೆ, ಬಾವಿ ತೊರೆಗಳಿಗೆ ಇಳಿಯುತ್ತದೆ. ಇಷ್ಟಾದರೂ ಅದು ಚಳಿಗಾಲದಲ್ಲಿ ಕಪ್ಪು ರಸ್ತೆಯನ್ನು ಒದಗಿಸಿತು. ರಸ್ತೆ ಬಿಡುವಾದೊಡನೆ ವೇಗವೂ ಬೇಸಿಗೆಯ ಮಟ್ಟಕ್ಕೆ ಏರಿತು.

೬

ಈಗ ನಾವು ವಿಷಯದ ಮುಖ್ಯಭಾಗಕ್ಕೆ ಬಂದಿದ್ದೇವೆ. ವೈಪರು, ಬಿಸಿಗಾಳಿ, ತಂತಿಗೆರೆ — ಇವೆಲ್ಲವೂ ತೆಗೆದ ಹಿಮ ಯಾವುದು? ಚಾಲಕನ ಕಣ್ಣಿಗೆ ಅಡ್ಡಬಂದ ಹಿಮ. ಕಾರಿನ ಮಾಡಿನ ಮೇಲಿನ ಹಿಮ ಅವನಿಗೆ ಕಾಣುವುದಿಲ್ಲ, ಅವನ ದಾರಿಗೆ ಅಡ್ಡಬರುವುದೂ ಇಲ್ಲ. ಅದನ್ನು ತೆಗೆಯುವ ಯಾವ ಸಾಧನವೂ ಕಾರಿನ ಸಾಮಾನ್ಯ ಅಂಗವಾಗಲಿಲ್ಲ. ಅಷ್ಟೇ ಅಲ್ಲ, ಮೇಲೆ ಹೇಳಿದ ಸೌಕರ್ಯಗಳೇ ಕೂಡಿಕೊಂಡು ಆ ಹಿಮವನ್ನು ಅಪಾಯಕರವಾಗಿ ಮಾಡಿದವು. ಮುಚ್ಚಿದ ಕಾರು ಹಿಮಕ್ಕೆ ಕೂರಲು ಎಡೆ ಕೊಟ್ಟಿತು. ೧೯೩೫ರ ಮಾದರಿಗಳಿಂದ ಜನರಲ್ ಮೋಟಾರ್ಸ್ ಕಂಪನಿ ಒಂದೇ ಉಕ್ಕಿನ ತಗಡಿನ ಮಾಡನ್ನು ತಂದ ಮೇಲೆ ಆ ಎಡೆ ನುಣುಪಾದ ಹಾಸಾಯಿತು. ಒಳಗಿನ ಶಾಖ ಹಿಮದ ಅಡಿಪದರವನ್ನು ಕರಗಿಸಿತು. ಕರಗಿದ ನೀರು ಕಾರು ನಿಂತಾಗ ಮತ್ತೆ ಗಟ್ಟಿಯಾಗಿ ಹಿಮದ ರಾಶಿ ಮಂಜುಗಡ್ಡೆಯ ಹಲಗೆಯಾಯಿತು. ಮರುಪಯಣದ ಶಾಖಕ್ಕೆ ಹಲಗೆ ಸಡಿಲವಾಯಿತು. ಬಿಡುವಾದ ರಸ್ತೆ ವೇಗವನ್ನು ಕೊಟ್ಟಿತು. ಗಾಳಿಯ ಎತ್ತುವ ಬಲವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಹೀಗೆ ಸಡಿಲವಾದ ಹಲಗೆ ಹಿಂದೆ ಬರುತ್ತಿರುವವನ ಗಾಜಿಗೆ ಹಾರಿ ಬಡಿಯುತ್ತದೆ.

ಇದರ ತೂಕವನ್ನು ಲೆಕ್ಕ ಹಾಕಿ ನೋಡಬಹುದು. ಹೊಸದಾಗಿ ಬಿದ್ದ ಹಗುರ ಹಿಮ ಘನಮೀಟರಿಗೆ ೧೦೦ ಕಿಲೋಗ್ರಾಮ್ ತೂಗುವುದೆಂದು ಇಟ್ಟುಕೊಂಡರೆ, ಮೂರು ಚದರ ಮೀಟರಿನ ಮಾಡಿನ ಮೇಲೆ ೨೦ ಸೆಂಟಿಮೀಟರ್ ಹಿಮ ಬಿದ್ದಾಗ ೬೦ ಕಿಲೋಗ್ರಾಮ್ ಆಗುತ್ತದೆ. ಅಂದರೆ ಒಬ್ಬ ಮನುಷ್ಯನ ತೂಕ. ೫೩ ಅಡಿ ಉದ್ದ, ಎಂಟೂವರೆ ಅಡಿ ಅಗಲದ ಸರಕು ಲಾರಿಯ ಮೇಲೆ ಎರಡು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ನಿಂತರೆ ಅದು ೭೫೦ ಕಿಲೋಗ್ರಾಮನ್ನು ಮೀರುತ್ತದೆ. ಅದರ ಒಂದು ಚೂರು ಸಾಕು, ಎದುರಿಗಿದ್ದವರ ಪ್ರಾಣ ತೆಗೆಯಲು.

ಪ್ರಾಣಗಳು ಹೋದುದೂ ಉಂಟು. ಶಾಸನಗಳು ಬಂದುದು ಆ ಮೇಲೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ೧೯೯೬ರಲ್ಲಿ ಲಾರಿಯೊಂದರಿಂದ ಹಾರಿದ ಮಂಜುಗಡ್ಡೆಯ ದೆಸೆಯಿಂದ ತರುಣಿಯೊಬ್ಬಳು ತೀರಿಕೊಂಡಳು. ಆಕೆಯ ಹೆಸರಿನಿಂದಲೇ ಪ್ರಸಿದ್ಧವಾದ ಶಾಸನ ೨೦೦೨ರ ಹೊತ್ತಿಗೆ ಜಾರಿಗೆ ಬಂದು, ಹಿಮ ಹೊತ್ತ ವಾಹನವನ್ನು ಅಜಾಗರೂಕತೆಯಿಂದ ನಡೆಸುವುದನ್ನು ಅಪರಾಧವೆಂದು ಎಣಿಸಿತು. ನ್ಯೂಜೆರ್ಸಿಯಲ್ಲಿ ೨೦೧೦ರಿಂದ ಹಿಮ ತೆಗೆಯದೆ ಹೊರಟವನಿಗೆ, ಯಾರಿಗೂ ಹಾನಿಯಾಗದಿದ್ದರೂ, ೨೫ರಿಂದ ೭೫ ಡಾಲರುಗಳ ದಂಡ ವಿಧಿಸಲು ಅವಕಾಶವಾಯಿತು. ಕನೆಟಿಕಟ್ಟಿನ ಶಾಸನ ೨೦೧೩ರ ಕೊನೆಯ ದಿನ ಜಾರಿಗೆ ಬಂದಿತು. ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಮಂಜುಗಡ್ಡೆಯಿಂದ ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ ಮಾತ್ರ ಚಾಲಕನಿಗೆ ದಂಡವಾಗುತ್ತಿತ್ತು. ೨೦೨೨ರ ಶಾಸನ ಹಿಮಪಾತ ನಿಂತ ೨೪ ಗಂಟೆಗಳೊಳಗಾಗಿ ಅದನ್ನು ತೆಗೆಯಲು ಚಾಲಕ ತಕ್ಕ ಪ್ರಯತ್ನ ಮಾಡಬೇಕೆಂದು ವಿಧಿಸಿತು. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ೨೨೯ನೆಯ ನಿಯಮ ಗಾಜುಗಳನ್ನು ಬಿಡಿಸಿಕೊಳ್ಳುವುದರ ಜೊತೆಗೆ, ಇತರರ ದಾರಿಗೆ ಬೀಳಬಹುದಾದ ಹಿಮವನ್ನೂ ತೆಗೆಯಬೇಕೆಂದು ಹೇಳುತ್ತದೆ.

ಈ ಕ್ರಮವನ್ನು ಮತ್ತೊಮ್ಮೆ ನೋಡೋಣ. ಗಾಜಿನ ಹಿಮಕ್ಕೆ ಪೇಟೆಂಟು ೧೯೦೩ರಲ್ಲಿ. ಮಾಡಿನ ಹಿಮಕ್ಕೆ ಇಂಥ ಶಾಸನಗಳು ಸುಮಾರು ಒಂದು ಶತಮಾನದ ಬಳಿಕ. ತನಗೆ ಅಡ್ಡಿಯಾದುದಕ್ಕೆ ಹಣ ಕೊಟ್ಟು ಸಾಧನವನ್ನು ಕೊಳ್ಳುವವರು ಬೇಗ ದೊರೆಯುತ್ತಾರೆ. ಪರರಿಗೆ ಅಡ್ಡಿಯಾಗುವುದಕ್ಕೆ ಮಾರುಕಟ್ಟೆ ಹುಟ್ಟುವುದಿಲ್ಲ, ಅಲ್ಲಿ ಶಾಸನವೇ ಬರಬೇಕಾಗುತ್ತದೆ.

೭

ಇನ್ನೊಂದು ಸ್ಥಾನ ಉಳಿದಿದೆ. ಅದು ಗಾಜೂ ಅಲ್ಲ, ಮಾಡೂ ಅಲ್ಲ. ನಮ್ಮ ಜನ ಸೈಲೆನ್ಸರ್ ಎಂದು ಕರೆಯುವ, ಕಾರಿನ ಹಿಂಬದಿಯ ಹೊಗೆಕೊಳವೆ. ಅದರ ಬಾಯಿಗೆ ಹಿಮ ತುಂಬಿದ್ದು ಎಂಜಿನ್ನು ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಕಾರಿನ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ನಿದ್ದೆಯಂಥ ಮಂಪರಿನಲ್ಲಿಯೇ ಮನುಷ್ಯನನ್ನು ಕೊಲ್ಲುತ್ತದೆ. ೧೯೭೮ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಬಾಸ್ಟನ್ನಿನ ಹೊರವಲಯದ ೧೨೮ನೆಯ ಹೆದ್ದಾರಿಯಲ್ಲಿ ಸುಮಾರು ೩,೦೦೦ ಕಾರುಗಳು ಹೂತುಹೋದಾಗ, ಬೆಚ್ಚಗಿರಲೆಂದು ಎಂಜಿನ್ನು ಓಡಿಸುತ್ತ ಕುಳಿತವರಲ್ಲಿ ಹಲವರು ಹೀಗೆ ಸತ್ತರು.

ನಮ್ಮ ಉಪಖಂಡಕ್ಕೂ ಇದು ಪರಕೀಯವಲ್ಲ. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಮರೀ ಗಿರಿಧಾಮಕ್ಕೆ ಹಿಮ ನೋಡಲು ಹೋದ ಜನರ ವಾಹನಗಳು ಒಂದೇ ರಾತ್ರಿಯ ಹಿಮಪಾತದಲ್ಲಿ ಸಿಕ್ಕಿಬಿದ್ದು, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಹನಗಳೊಳಗೆಯೇ ಪ್ರಾಣಬಿಟ್ಟರು. ಅವರಲ್ಲಿ ಹಲವರ ಸಾವಿಗೆ ಈ ಅನಿಲವೇ ಕಾರಣವೆಂದು ವರದಿಯಾಯಿತು. ಹಿಮದೊಡನೆ ಬಾಳುವ ರೂಢಿಯಿಲ್ಲದವರಿಗೆ ಬೆಚ್ಚನೆಯ ಕಾರೇ ಆಶ್ರಯವೆಂದು ತೋರುವುದು ಸಹಜ. ೨೦೨೦ರ ಅಕ್ಟೋಬರಿನಲ್ಲಿ ರೋಹ್ತಾಂಗಿನ ಕೆಳಗೆ ಸುಮಾರು ೯ ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿಯೂ ಬಯಲುನಾಡಿನ ಪ್ರವಾಸಿಗಳು ಲಾಹುಲಿನ ಕಡೆಗೆ ಕಾರಿನಲ್ಲಿಯೇ ಹೋಗುತ್ತಿದ್ದಾರೆ. ವಿದೇಶಗಳ ಶೀತನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಸಂಗತಿಯಂತೂ ಸರಿಯೇ ಸರಿ. ಆದಕಾರಣ ಈ ಇತಿಹಾಸ ನಮ್ಮ ಓದುಗರಿಗೂ ಕೇವಲ ಪರದೇಶದ ಕಥೆಯಲ್ಲ.

೮

ಇಲ್ಲಿಯವರೆಗೆ ನಿರೂಪಿಸಿದುದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರಚರಿತ್ರೆ ಕಾರಿನ ಮೇಲಿನ ಹಿಮವನ್ನು ಲಕ್ಷಿಸಿದುದು ಗಾಜಿನಿಂದ ಆರಂಭಿಸಿ. ಮಾಡಿನ ಸರದಿ ಬಹಳ ತಡವಾಗಿ, ಶಾಸನದ ಮೂಲಕ ಬಂದಿತು. ಹೊಗೆಕೊಳವೆಗೆ ಸಾಧನವೂ ಇಲ್ಲ, ದಂಡದ ಭಯವೂ ಇಲ್ಲ, ತಿಳಿವಳಿಕೆಯೊಂದೇ ರಕ್ಷೆ. ಪ್ರಾಣದ ದೃಷ್ಟಿಯಿಂದ ನೋಡಿದರೆ ಈ ಕ್ರಮ ತಿರುಗುಮುರುಗಾಗಬೇಕು. ಹಿಮದಲ್ಲಿ ನಿಂತ ಕಾರಿನ ಬಳಿಗೆ ಹೋದವನು ಮೊದಲು ಹೊಗೆಕೊಳವೆಯ ಬಾಯನ್ನು ಬಿಡಿಸಬೇಕು. ಆಮೇಲೆಯೇ ಎಂಜಿನ್ನನ್ನು ಓಡಿಸಬೇಕು. ಅನಂತರ ಮಾಡಿನ ಹಿಮವನ್ನು ಪೂರ್ತಿಯಾಗಿ ಕೆಳಗೆ ಎಳೆಯಬೇಕು. ಗಾಜನ್ನು ಮೊದಲು ಶುಚಿಮಾಡಿದರೆ ಮಾಡಿನ ಹಿಮ ಅದರ ಮೇಲೆಯೇ ಬೀಳುವುದರಿಂದ ಶ್ರಮದ ದೃಷ್ಟಿಯಿಂದಲೂ ಇದೇ ಸರಿ. ಕೊನೆಗೆ ಗಾಜುಗಳು, ಕನ್ನಡಿಗಳು, ಮುಂದಿನ ಹಿಂದಿನ ದೀಪಗಳು. ದೀಪಗಳನ್ನು ಬಿಡಿಸುವುದೂ ಅರ್ಧಕ್ಕರ್ಧ ಪರರಿಗಾಗಿಯೇ. ಅವು ನಮಗೆ ದಾರಿ ತೋರಿಸುವಷ್ಟೇ ನಮ್ಮನ್ನು ಇತರರಿಗೆ ತೋರಿಸುತ್ತವೆ.

ಕಣ್ಣಿನಷ್ಟಗಲದ ಕಿಂಡಿಯನ್ನು ಗಾಜಿನಲ್ಲಿ ಕೆರೆದುಕೊಂಡು ಹೊರಡುವ ಚಾಲಕ ಜರ್ಮನಿಯಲ್ಲಿ ದಂಡ ತೆರಬೇಕಾಗುತ್ತದೆ. ಆ ಕಿಂಡಿಯಿಂದ ಅವನಿಗೆ ತನ್ನ ದಾರಿ ಒಂದಿಷ್ಟು ಕಂಡೀತು. ಪಕ್ಕದಲ್ಲಿ ನಡೆಯುವವನಾಗಲಿ ರಸ್ತೆ ದಾಟುವ ಮಗುವಾಗಲಿ ಕಾಣುವುದಿಲ್ಲ. ಯಂತ್ರಗಳು ಎಷ್ಟೇ ಬೆಳೆದರೂ ಒಂದು ಕುಂಚ, ಒಂದು ಕೆರಕ, ಹತ್ತು ನಿಮಿಷದ ತಾಳ್ಮೆ — ಇವುಗಳ ಅಗತ್ಯ ತೀರಿಲ್ಲ. ಆ ಹತ್ತು ನಿಮಿಷಗಳಲ್ಲಿ ಹೆಚ್ಚಿನ ಪಾಲು ನಾವು ಎಂದೂ ಕಾಣದ, ಹಿಂದಿನ ಕಾರಿನಲ್ಲಿ ಬರುತ್ತಿರುವ ಅಪರಿಚಿತರಿಗೆ ಸಲ್ಲತಕ್ಕದ್ದು ಎಂಬುದೇ ಈ ಚರಿತ್ರೆಯಿಂದ ನಾವು ತೆಗೆಯಬಹುದಾದ ನಿರ್ಣಯ.